ಮೆಚ್ಚಿನ ಚಿತ್ರ, ಮೆಚ್ಚಿನ ಹಾಡು: ರಸಿಕನ ಪಟ್ಟಿ ಮತ್ತು ಕನ್ನಡ ಚಿತ್ರಸಂಗೀತ ವಿಮರ್ಶೆ

ಕಂಪನಿ ನಾಟಕಗಳ ಕಾಲದಲ್ಲಿ ಪ್ರೇಕ್ಷಕನಿಗೆ ಒಂದು ವಿಶೇಷ ಅಧಿಕಾರವಿತ್ತು. ರಂಗಗೀತೆಯೊಂದು ಮನಸ್ಸಿಗೆ ಹಿಡಿಸಿದರೆ ಅವನು ಕುಳಿತಲ್ಲಿಂದಲೇ ‘ಒನ್ಸ್ ಮೋರ್’ ಎಂದು ಕೂಗುತ್ತಿದ್ದ. ಆ ಕೂಗಿಗೆ ಓಗೊಟ್ಟು ನಟನು ನಡೆಯುತ್ತಿದ್ದ ಪ್ರಸಂಗವನ್ನು ಅಲ್ಲಿಗೇ ನಿಲ್ಲಿಸಿ ಹಾಡನ್ನು ಮತ್ತೊಮ್ಮೆ ಹಾಡುತ್ತಿದ್ದ. ಸತ್ತುಬಿದ್ದ ಪಾತ್ರ ಎದ್ದುನಿಂತು ಹಾಡಿ, ಮತ್ತೆ ಮಲಗಿದ ಸಂಗತಿಗಳನ್ನು ವೃತ್ತಿರಂಗಭೂಮಿಯ ನೆನಪುಗಳು ನಗೆಯೊಡನೆ ಹೇಳುತ್ತವೆ. ಇಲ್ಲಿ ನಾಟಕಕ್ಕಿಂತ ಹಾಡು ದೊಡ್ಡದಾಗುತ್ತಿತ್ತು ಎಂಬುದು ಒಂದು ಮಾತು. ಹಾಡು ಮುಗಿದ ಕೂಡಲೇ ಪ್ರೇಕ್ಷಕ ಮತ್ತೆ ನಾಟಕಕ್ಕೇ ಮರಳುತ್ತಿದ್ದ ಎಂಬುದು ಅಷ್ಟೇ ಮುಖ್ಯವಾದ ಇನ್ನೊಂದು ಮಾತು.

ಸಿನಿಮಾ ಬಂದಾಗ ಈ ಅಧಿಕಾರ ಪ್ರೇಕ್ಷಕನ ಕೈತಪ್ಪಿತು. ಪರದೆಯ ಮೇಲಿನ ಬಿಂಬ ಯಾರ ಕೂಗಿಗೂ ನಿಲ್ಲುವುದಿಲ್ಲ. ಆದರೆ ಮತ್ತೊಮ್ಮೆ ಕೇಳಬೇಕೆಂಬ ಆಸೆ ಅಳಿಯಲಿಲ್ಲ. ಅದು ಚಿತ್ರಮಂದಿರದ ಹೊರಗೆ ತನ್ನ ದಾರಿಗಳನ್ನು ಹುಡುಕಿಕೊಂಡಿತು. ಗ್ರಾಮಫೋನ್ ತಟ್ಟೆ, ಟೆಂಟ್ ಸಿನಿಮಾದ ಧ್ವನಿವರ್ಧಕ, ಚಿತ್ರಮಂದಿರದ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ, ಆಕಾಶವಾಣಿಯ ಕೋರಿಕೆ ಕಾರ್ಯಕ್ರಮ, ಅನಂತರ ಕ್ಯಾಸೆಟ್ಟು, ಇಂದು ಕೈಯಲ್ಲಿರುವ ಮೊಬೈಲು ಇವೆಲ್ಲ ಆ ಹಳೆಯ ‘ಒನ್ಸ್ ಮೋರ್’ನ ಮುಂದುವರಿಕೆಗಳು. ಚಿತ್ರರಸಿಕನೊಬ್ಬ ತನ್ನ ಮೆಚ್ಚಿನ ಚಿತ್ರಗಳ ಹಾಗೂ ಚಿತ್ರಗೀತೆಗಳ ಪಟ್ಟಿ ಹೇಳುವಾಗ, ಬದುಕಿನುದ್ದಕ್ಕೂ ತಾನು ಕೂಗಿದ ‘ಒನ್ಸ್ ಮೋರ್’ಗಳನ್ನೇ ಅವನು ಎಣಿಸುತ್ತಿರುತ್ತಾನೆ.

ಇಂಥ ಪಟ್ಟಿಗಳನ್ನು ಕನ್ನಡ ಚಲನಚಿತ್ರ ವಿಮರ್ಶೆ ಗಂಭೀರವಾಗಿ ಪರಿಗಣಿಸಿದ್ದು ಕಡಿಮೆ. ವೈಯಕ್ತಿಕ ಅಭಿರುಚಿ, ಹಳಹಳಿಕೆ, ತಾರಾಭಿಮಾನ ಎಂಬ ಮಾತುಗಳಲ್ಲಿ ಅವುಗಳನ್ನು ಬದಿಗಿರಿಸಲಾಗಿದೆ. ಆದರೆ ರಸಿಕನ ಪಟ್ಟಿ ಅಷ್ಟು ವೈಯಕ್ತಿಕವಾದುದಲ್ಲ. ಅವನಿಗೆ ಯಾವುದು ಮತ್ತೆ ಮತ್ತೆ ಕೇಳಸಿಕ್ಕಿತೋ ಅದು ಅಲ್ಲಿದೆ. ಯಾವುದು ಸಿಗಲಿಲ್ಲವೋ ಅದು ಅಲ್ಲಿಲ್ಲ. ಹೀಗೆ ನೋಡಿದಾಗ ಪಟ್ಟಿಯಲ್ಲಿ ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚು ಮಾತನಾಡುತ್ತದೆ. ಕನ್ನಡದಲ್ಲಿ ‘ಚಿತ್ರಸಂಗೀತ’ ಎಂಬ ಹಿರಿದಾದ ಕಲೆ ಕ್ರಮೇಣ ‘ಚಿತ್ರಗೀತೆ’ ಎಂಬ ಒಂದು ಭಾಗಕ್ಕೆ ಕುಗ್ಗಿದ ಬಗೆಯನ್ನು ಅರಿಯಲು ಈ ಪಟ್ಟಿಗಿಂತ ಒಳ್ಳೆಯ ದಾಖಲೆ ದೊರೆಯಲಾರದು.

ಕಿವಿ ಕಟ್ಟಿಕೊಟ್ಟ ನೆನಪು

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬಿಡುಗಡೆಯಾಯಿತು. ವೈ.ವಿ. ರಾವ್ ನಿರ್ದೇಶಿಸಿದ ಈ ಚಿತ್ರದಲ್ಲಿ ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾವ್ ಅಭಿನಯಿಸಿದರು, ಸಾಹಿತ್ಯ ಬೆಳ್ಳಾವೆ ನರಹರಿಶಾಸ್ತ್ರಿಗಳದು. ರಂಗಭೂಮಿಯಿಂದ ಬಂದ ಈ ಕಲಾವಿದರು ತಮ್ಮೊಡನೆ ಹಾಡಿನ ಸಂಪ್ರದಾಯವನ್ನೂ ಪರದೆಗೆ ತಂದರು. ಹೀಗಾಗಿ ಕನ್ನಡ ಚಿತ್ರ ಮಾತು ಕಲಿತ ದಿನವೇ ಹಾಡನ್ನೂ ಕಲಿತಿತು.

ಚಿತ್ರಗೀತೆಯನ್ನು ಮನೆಯೊಳಕ್ಕೆ ತಂದದ್ದು ಮುಖ್ಯವಾಗಿ ರೇಡಿಯೋ. 1952ರಲ್ಲಿ ಕೇಂದ್ರದ ಪ್ರಸಾರ ಖಾತೆಯ ಹೊಣೆ ಹೊತ್ತ ಬಿ.ವಿ. ಕೇಸ್ಕರ್ ಅವರಿಗೆ ಚಿತ್ರಗೀತೆಗಳು ರುಚಿಸದೆ ಆಕಾಶವಾಣಿಯಲ್ಲಿ ಅವುಗಳಿಗೆ ಕಡಿವಾಣ ಬಿದ್ದದ್ದೂ, ಆ ತೆರವನ್ನು ರೇಡಿಯೋ ಸಿಲೋನ್ ತುಂಬಿದ್ದೂ, ಕೊನೆಗೆ 1957ರಲ್ಲಿ ವಿವಿಧಭಾರತಿ ಆರಂಭವಾದದ್ದೂ ಭಾರತೀಯ ಪ್ರಸಾರ ಚರಿತ್ರೆಯ ಪ್ರಸಿದ್ಧ ಸಂಗತಿಗಳು. ಚಿತ್ರಮಂದಿರಕ್ಕೆ ಹೋಗಲು ಬಿಡುವಾಗಲಿ ಅನುಮತಿಯಾಗಲಿ ಇಲ್ಲದ ಎಷ್ಟೋ ಹೆಣ್ಣುಮಕ್ಕಳಿಗೆ ಅಡುಗೆಮನೆಯ ಪಕ್ಕದ ರೇಡಿಯೋವೇ ಸಿನಿಮಾ ಆಗಿತ್ತು. ಚಿತ್ರವನ್ನು ನೋಡದೆಯೇ ಅದರ ಹಾಡುಗಳನ್ನೆಲ್ಲ ಬಾಯಿಪಾಠವಾಗಿ ಬಲ್ಲ ರಸಿಕವರ್ಗವೊಂದು ಹೀಗೆ ರೂಪುಗೊಂಡಿತು.

ಈ ವರ್ಗದ ಶಿಕ್ಷಣ ನಡೆದದ್ದು ಉದ್ಘೋಷಕರ ಬಾಯಿಂದ. ಹಾಡಿಗೆ ಮುನ್ನ ಚಿತ್ರದ ಹೆಸರು, ಸಾಹಿತ್ಯ, ಸಂಗೀತ, ಗಾಯನ ಎಂಬ ನಾಲ್ಕು ವಿವರಗಳನ್ನು ಆಕಾಶವಾಣಿ ನಿಷ್ಠೆಯಿಂದ ಹೇಳುತ್ತ ಬಂತು. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ಎಂ. ರಂಗರಾವ್, ಟಿ.ಜಿ. ಲಿಂಗಪ್ಪ, ರಾಜನ್-ನಾಗೇಂದ್ರ ಮೊದಲಾದ ಸಂಯೋಜಕರ ಹೆಸರುಗಳು ಹಳ್ಳಿಯ ಹೋಟೆಲುಗಳವರೆಗೂ ತಲುಪಿದ್ದು ಈ ನಿಷ್ಠೆಯಿಂದ. ವಿಮರ್ಶಕರು ಮಾಡದ ಕೆಲಸವನ್ನು ಉದ್ಘೋಷಕರು ಮಾಡಿದರು ಎಂದರೆ ತಪ್ಪಾಗದು. ಆದರೆ ಆ ನಾಲ್ಕು ವಿವರಗಳಲ್ಲಿ ನಿರ್ದೇಶಕನ ಹೆಸರಿರಲಿಲ್ಲ. ಹಾಡು ಕಥೆಯ ಯಾವ ಘಟ್ಟದಲ್ಲಿ, ಯಾರ ಬಾಯಲ್ಲಿ ಬರುತ್ತದೆ ಎಂಬ ಸುಳಿವೂ ಇರಲಿಲ್ಲ. ತಟ್ಟೆಯ ಒಂದು ಮಗ್ಗುಲಿನ ಸುಮಾರು ಮೂರು ನಿಮಿಷಗಳಲ್ಲಿ ಅಡಗಿದ ಸಂಗೀತಕ್ಕಷ್ಟೇ ಪ್ರಸಾರದ ಭಾಗ್ಯ. ಎರಡು ಮಾತುಗಳ ನಡುವಿನ ಮೌನವನ್ನು ತುಂಬಿದ ವೀಣೆಯ ಒಂದು ಎಳೆಗೆ, ಸಾವಿನ ದೃಶ್ಯದ ಹಿಂದಿನ ಕೊಳಲಿಗೆ, ಉದ್ಘೋಷಣೆಯಲ್ಲಿ ಜಾಗವಿರಲಿಲ್ಲ.

ದನಿ ಮತ್ತು ದೇಹ

ರಸಿಕರ ನಡುವೆ ಇಂದಿಗೂ ಮುಗಿಯದ ಒಂದು ವಾದವಿದೆ: ರಾಜ್‌ಕುಮಾರ್ ಅವರಿಗೆ ಒಪ್ಪುವ ದನಿ ಪಿ.ಬಿ. ಶ್ರೀನಿವಾಸ್ ಅವರದೋ, ರಾಜ್‌ಕುಮಾರ್ ಅವರದೇ ದನಿಯೋ? ಕೇವಲ ಅಭಿಮಾನದ ಜಗಳವೆಂದು ತೋರುವ ಈ ವಾದದ ಬುಡದಲ್ಲಿ ಗಂಭೀರವಾದ ಕಲಾಪ್ರಶ್ನೆಯಿದೆ.

ಗುಬ್ಬಿ ಕಂಪನಿಯ ರಂಗದ ಮೇಲೆ ಬೆಳೆದ ರಾಜ್‌ಕುಮಾರ್ ಅವರಿಗೆ ಅಭಿನಯ ಮತ್ತು ಗಾಯನ ಬೇರೆಬೇರೆಯಾಗಿರಲಿಲ್ಲ. ಎಚ್.ಎಲ್.ಎನ್. ಸಿಂಹ ಅವರ ‘ಬೇಡರ ಕಣ್ಣಪ್ಪ’ (1954) ಚಿತ್ರದಿಂದ ಅವರು ನಾಯಕನಟರಾದಾಗ, ರಂಗದ ಮೇಲೆ ತಾವೇ ಹಾಡುತ್ತಿದ್ದ ನಟ ಪರದೆಯ ಮೇಲೆ ಪರರ ದನಿಗೆ ತುಟಿಯಾಡಿಸಬೇಕಾಯಿತು. ಮುಂದೆ ಪಿ.ಬಿ. ಶ್ರೀನಿವಾಸ್ ಅವರ ಮಂದ್ರದ ಸೌಮ್ಯ ಕಂಠವು ಆ ಮುಖಕ್ಕೆ ಎಷ್ಟು ಒಗ್ಗಿತೆಂದರೆ ಎರಡು ವ್ಯಕ್ತಿಗಳಿಂದ ಒಂದು ಪಾತ್ರ ಸಿದ್ಧವಾಯಿತು. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಜಿ.ಕೆ. ವೆಂಕಟೇಶ್ ಅವರ ಸಂಯೋಜನೆಗೆ ರಾಜ್‌ಕುಮಾರ್ ದನಿಯಾದ ಮೇಲೆ ಪರಿಸ್ಥಿತಿ ಬದಲಾಯಿತು. ಅದಕ್ಕೂ ಮೊದಲು ‘ಓಹಿಲೇಶ್ವರ’ದಲ್ಲಿ (1956) ಅವರು ಹಾಡಿದ್ದುಂಟು, ಆದರೆ ತಮ್ಮ ಪಾತ್ರಗಳಿಗೆ ತಾವೇ ಹಾಡುವ ಪರಿಪಾಠ ನೆಲೆಯಾದದ್ದು 1974ರ ಬಳಿಕ. ‘ಜೀವನಚೈತ್ರ’ (1992) ಚಿತ್ರದ ಗಾಯನಕ್ಕೆ ಅವರು ರಾಷ್ಟ್ರಪ್ರಶಸ್ತಿಯನ್ನೂ ಪಡೆದರು.

ಮೊದಲ ಅವಧಿಯನ್ನು ಮೆಚ್ಚುವ ರಸಿಕ ಮೆಚ್ಚುವುದು ಚಿತ್ರದಿಂದ ಬಿಡಿಸಿಯೂ ಕೇಳಬಹುದಾದ ಗಾಯನವನ್ನು. ಎರಡನೆಯ ಅವಧಿಯನ್ನು ಮೆಚ್ಚುವವನಿಗೆ ಹಾಡಿನೊಳಗೆ ಉಸಿರು ಏರುವುದು, ಮಾತು ಸ್ವರವಾಗಿ ಹೊರಳುವುದು, ಪಾತ್ರದ ದಣಿವು ಕಂಠದಲ್ಲಿ ಕೇಳುವುದು ಮುಖ್ಯ. ಅವನು ಹಾಡಿನಲ್ಲಿ ನಟನನ್ನು ಕಾಣುತ್ತಾನೆ. ಒಂದು ಕೇಳ್ಮೆಯ ಅಭಿರುಚಿ, ಇನ್ನೊಂದು ನಾಟಕದ ಅಭಿರುಚಿ. ಎರಡೂ ನ್ಯಾಯವಾದವೇ. ಆದರೆ ತಾವು ವಾದಿಸುತ್ತಿರುವುದು ಇಬ್ಬರು ಗಾಯಕರ ಬಗ್ಗೆಯಲ್ಲ, ಹಾಡಿಗೂ ಚಿತ್ರಕ್ಕೂ ಇರುವ ಸಂಬಂಧದ ಬಗ್ಗೆ ಎಂಬುದನ್ನು ವಾದಿಗಳು ಗುರುತಿಸಿಕೊಂಡಂತಿಲ್ಲ. ಈ ಗುರುತನ್ನು ಒದಗಿಸಬೇಕಾದದ್ದು ವಿಮರ್ಶೆಯ ಕೆಲಸ.

ಹಾಡನ್ನು ಚಿತ್ರಕ್ಕೆ ಮರಳಿಸುವುದು

ಪುಟ್ಟಣ್ಣ ಕಣಗಾಲ್ ಅವರ ಚಿತ್ರವೊಂದಾದರೂ ಇಲ್ಲದ ಕನ್ನಡ ರಸಿಕನ ಪಟ್ಟಿ ಅಪರೂಪ. ‘ಬೆಳ್ಳಿಮೋಡ’ (1967), ‘ಗೆಜ್ಜೆಪೂಜೆ’ (1969), ‘ಶರಪಂಜರ’ (1971), ‘ನಾಗರಹಾವು’ (1972) ಚಿತ್ರಗಳಿಗೆ ವಿಜಯಭಾಸ್ಕರ್, ‘ಎಡಕಲ್ಲು ಗುಡ್ಡದ ಮೇಲೆ’ (1973) ಹಾಗೂ ‘ರಂಗನಾಯಕಿ’ (1981) ಚಿತ್ರಗಳಿಗೆ ಎಂ. ರಂಗರಾವ್ ಸಂಗೀತ ನೀಡಿದರು. ಇವೆಲ್ಲ ಕನ್ನಡ ಕಾದಂಬರಿಗಳನ್ನು ಆಧರಿಸಿದ ಚಿತ್ರಗಳೆಂಬುದು ಗಮನಾರ್ಹ. ಕಾದಂಬರಿಯಲ್ಲಿ ಲೇಖಕಿಯೋ ಲೇಖಕನೋ ಪುಟಗಟ್ಟಲೆ ಬಿಡಿಸಿಡಬಲ್ಲ ಅಂತರಂಗವನ್ನು ಪರದೆಯ ಮೇಲೆ ಹೇಳುವ ಹೊಣೆ ಬಹುಪಾಲು ಸಂಗೀತದ ಮೇಲೆ ಬಿತ್ತು.

ತ್ರಿವೇಣಿಯವರ ಕಾದಂಬರಿಯಿಂದ ರೂಪುಗೊಂಡ ‘ಶರಪಂಜರ’ವನ್ನು ನೋಡಬಹುದು. ಕೊಡಗನ್ನೂ ಕಾವೇರಿಯನ್ನೂ ಹಾಡುವ ಅದರ ಪ್ರಸಿದ್ಧ ಯುಗಳಗೀತೆ ರೇಡಿಯೋದಲ್ಲಿ ನಾಡಿನ ಚೆಲುವಿನ ವರ್ಣನೆಯಾಗಿ ಕೇಳುತ್ತದೆ. ಪ್ರವಾಸದ ಉಲ್ಲಾಸವಷ್ಟೇ ಅಲ್ಲಿ ತುಂಬಿದೆ. ಆದರೆ ಚಿತ್ರದ ನಾಯಕಿಯ ಹೆಸರೂ ಕಾವೇರಿ. ನದಿಯ ಹೊಗಳಿಕೆಯೂ ಹೆಂಡತಿಯ ಹೊಗಳಿಕೆಯೂ ಒಂದೇ ಆಗಿರುವ ಆ ಹಾಡು ದಾಂಪತ್ಯದ ಸುಖದ ಶಿಖರ. ಮುಂದೆ ಆಕೆಯ ಮನಸ್ಸು ಕಲಕುತ್ತದೆ. ಆಸ್ಪತ್ರೆಯಿಂದ ಗುಣವಾಗಿ ಮರಳಿದರೂ ಮನೆ, ನೆರೆ, ಗಂಡ ಯಾರೂ ಅವಳನ್ನು ಗುಣವಾದವಳೆಂದು ನಂಬುವುದಿಲ್ಲ. ಕಲ್ಪನಾ ಅವರ ಅಭಿನಯದಲ್ಲಿ ಆ ಕುಸಿತವನ್ನು ನೋಡುವ ಪ್ರೇಕ್ಷಕನ ಕಿವಿಯಲ್ಲಿ ಹಳೆಯ ಹಾಡು ಇನ್ನೂ ಉಳಿದಿರುತ್ತದೆ. ಹಾಡು ಸುಖವನ್ನು ಎಷ್ಟು ನಂಬುವಂತೆ ಹೇಳಿತ್ತೋ ದ್ರೋಹ ಅಷ್ಟು ಆಳಕ್ಕೆ ಇಳಿಯುತ್ತದೆ. ಚಿತ್ರದಿಂದ ಬಿಡಿಸಿಕೊಂಡ ಹಾಡಿನಲ್ಲಿ ಈ ನೋವು ಇಲ್ಲ. ಮೆಚ್ಚಿನ ಪಟ್ಟಿಯಲ್ಲಿ ಉಳಿದುಕೊಂಡದ್ದು ಆ ಮೊದಲ ಅರ್ಧ ಮಾತ್ರ.

‘ನಾಗರಹಾವು’ ಚಿತ್ರದ ಓಬವ್ವನ ಹಾಡಿಗೂ ಇದೇ ಗತಿ. ಶಾಲಾ ವಾರ್ಷಿಕೋತ್ಸವಗಳಲ್ಲಿ, ರಾಜ್ಯೋತ್ಸವದ ವೇದಿಕೆಗಳಲ್ಲಿ ಅದು ನಾಡಪ್ರೇಮದ ಗೀತೆಯಾಗಿ ನೆಲೆನಿಂತಿದೆ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಹೆಣೆದ ಆ ಚಿತ್ರದಲ್ಲಾದರೋ ಅದು ಬರುವುದು ಕೋಟೆಯ ಕಲ್ಲುಗಳನ್ನು ಪ್ರೀತಿಸುವ, ಊರಿನ ಕಟ್ಟುಪಾಡುಗಳಿಗೆ ಒಗ್ಗದ ರಾಮಾಚಾರಿಯ ಕಥೆಯೊಳಗೆ. ಚರಿತ್ರೆಯ ಶೌರ್ಯವನ್ನು ಕೊಂಡಾಡುವ ಊರು ತನ್ನ ಕಣ್ಣೆದುರಿನ ಹಟಮಾರಿಯನ್ನು ತಾಳಿಕೊಳ್ಳಲಾರದು ಎಂಬ ವ್ಯಂಗ್ಯ ಹಾಡಿಗೂ ಕಥೆಗೂ ನಡುವೆ ಹುಟ್ಟುತ್ತದೆ.

‘ಬೆಳ್ಳಿಮೋಡ’ದಲ್ಲಿ ಬೇಂದ್ರೆಯವರ ‘ಬೆಳಗು’ ಕವಿತೆಯನ್ನು ವಿಜಯಭಾಸ್ಕರ್ ಬಳಸಿಕೊಂಡ ಪರಿ ಇನ್ನೊಂದು ಉದಾಹರಣೆ. ಕವಿತೆಯಲ್ಲಿ ಬೆಳಗು ಒಂದು ದರ್ಶನ; ಚಿತ್ರದಲ್ಲಿ ಅದು ಇಂದಿರೆಯೆಂಬ ಹೆಣ್ಣಿನ ಬದುಕಿನ ಬೆಳಗೂ ಆಗುತ್ತದೆ. ಆಸ್ತಿಯ ಆಸೆ ತೀರಿದೊಡನೆ ಅವಳನ್ನು ತೊರೆಯುವ ಗಂಡು, ಕೊನೆಯಲ್ಲಿ ಅವನ ಪಶ್ಚಾತ್ತಾಪವನ್ನು ಒಪ್ಪದೆ ನಿಲ್ಲುವ ಹೆಣ್ಣು ಇವರ ಕಥೆಯನ್ನು ಅರಿತವನಿಗೆ ಆ ಬೆಳಗಿನ ಬಣ್ಣವೇ ಬೇರೆ. ಕವಿತೆಯನ್ನು ಜನಮನಕ್ಕೆ ಮುಟ್ಟಿಸಿದ ಕೀರ್ತಿ ಚಿತ್ರಕ್ಕೆ ಸಲ್ಲುತ್ತದೆ. ಕವಿತೆಗೆ ಚಿತ್ರ ಸೇರಿಸಿದ ಅರ್ಥವನ್ನು ಗುರುತಿಸುವ ಕೆಲಸ ಉಳಿದೇ ಇದೆ.

ಹಾಡಿಲ್ಲದ ಸಂಗೀತ

ರಸಿಕನ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಪಟ್ಟಿಯಿದೆ; ಅದು ಪ್ರಶಸ್ತಿ ಮಂಡಳಿಗಳದು, ವಿಮರ್ಶಕರದು. ‘ಸಂಸ್ಕಾರ’ (1970), ‘ಚೋಮನ ದುಡಿ’ (1975), ‘ಘಟಶ್ರಾದ್ಧ’ (1977) ಇವು ಮೂರೂ ಸ್ವರ್ಣಕಮಲ ಪಡೆದ ಚಿತ್ರಗಳು. ಈ ಪಟ್ಟಿ ಹಾಡನ್ನು ವ್ಯಾಪಾರದ ಗುರುತೆಂದು ಶಂಕಿಸಿತು. ರಸಿಕನ ಪಟ್ಟಿ ಹಾಡಿಲ್ಲದ್ದನ್ನು ಸಂಗೀತವಿಲ್ಲದ್ದೆಂದು ಬಗೆಯಿತು. ಎರಡು ಪಟ್ಟಿಗಳ ನಡುವೆ ಕಳೆದುಹೋದದ್ದು ಹೊಸ ಅಲೆಯ ಚಿತ್ರಗಳ ಸಂಗೀತ.

‘ಸಂಸ್ಕಾರ’ಕ್ಕೆ ಸಂಗೀತ ನೀಡಿದವರು ಸರೋದ್ ವಾದಕ ರಾಜೀವ ತಾರಾನಾಥ್. ಸಾಹಿತ್ಯದ ಅಧ್ಯಾಪಕರೂ ಆಗಿದ್ದ, ಉಸ್ತಾದ್ ಅಲಿ ಅಕ್ಬರ್ ಖಾನ್ ಅವರ ಶಿಷ್ಯರಾದ ಇವರ ಕುರಿತ ಬರಹಗಳಲ್ಲಿ ಅವರ ಕಛೇರಿಗಳಿಗೆ ಸಿಕ್ಕ ಗಮನದ ಒಂದಂಶವೂ ಚಿತ್ರಸಂಗೀತಕ್ಕೆ ಸಿಕ್ಕಿಲ್ಲ. ಬಿ.ವಿ. ಕಾರಂತರ ವಿಷಯದಲ್ಲಿ ಈ ಮರೆವು ಇನ್ನೂ ಸೋಜಿಗದ್ದು. ‘ಋಷ್ಯಶೃಂಗ’ (1976) ಮತ್ತು ‘ಘಟಶ್ರಾದ್ಧ’ ಚಿತ್ರಗಳಿಗಾಗಿ ಅವರು ಅತ್ಯುತ್ತಮ ಸಂಗೀತ ನಿರ್ದೇಶಕರೆಂದು ರಾಷ್ಟ್ರಪ್ರಶಸ್ತಿ ಪಡೆದರು. ಅವರ ರಂಗಗೀತೆಗಳನ್ನು ಹಾಡುವವರು ಇಂದೂ ನಾಡಿನ ತುಂಬ ಇದ್ದಾರೆ. ಅವರ ಚಿತ್ರಸಂಗೀತವನ್ನು ಮಾತ್ರ ಮೆಚ್ಚಿನ ಪಟ್ಟಿಯಲ್ಲಿ ಹೆಸರಿಸುವವರು ವಿರಳ.

ಕಾರಣ ಸ್ಪಷ್ಟ: ಅದನ್ನು ಚಿತ್ರದಿಂದ ಬಿಡಿಸಿ ಕೇಳಲಾಗದು. ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿ ಬಿ.ವಿ. ಕಾರಂತರೇ ನಿರ್ದೇಶಿಸಿದ ‘ಚೋಮನ ದುಡಿ’ಯಲ್ಲಿ ದುಡಿಯ ಬಡಿತ ಹಿನ್ನೆಲೆಯ ಅಲಂಕಾರವಲ್ಲ, ಬೇಸಾಯಕ್ಕೆ ತುಂಡು ಭೂಮಿ ಸಿಗದ ಮನುಷ್ಯನಿಗೆ ದಕ್ಕಿದ ಒಂದೇ ಮಾತು ಅದು. ಕುಡಿತದ ಉಲ್ಲಾಸದಲ್ಲಿ, ಮಕ್ಕಳನ್ನು ಕಳೆದುಕೊಂಡ ಸಂಕಟದಲ್ಲಿ, ಕೊನೆಯ ಉಸಿರಿನ ಹೊತ್ತಿನಲ್ಲಿ ಅದೇ ವಾದ್ಯ ಬೇರೆಬೇರೆ ಮಾತಾಡುತ್ತದೆ. ಎಂ.ವಿ. ವಾಸುದೇವರಾವ್ ಅವರ ಕೈ ಮತ್ತು ಮುಖಗಳನ್ನು ಕಾಣದೆ ಅದರ ಸದ್ದನ್ನಷ್ಟೇ ಕೇಳಿದರೆ ಅರ್ಥ ಅರ್ಧಕ್ಕೆ ನಿಲ್ಲುತ್ತದೆ. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ದಲ್ಲಿ ವಟುಗಳ ವೇದಪಾಠದ ದನಿಯೂ ಮಲೆನಾಡಿನ ಸದ್ದುಗಳೂ ಸಂಗೀತದ ಭಾಗವೇ ಆಗಿವೆ. ಯಮುನಕ್ಕನನ್ನು ಹೊರಹಾಕುವ ಲೋಕದ ದನಿಯನ್ನು ಪುಟ್ಟ ನಾಣಿ ಕೇಳಿಸಿಕೊಳ್ಳುವಂತೆ ಪ್ರೇಕ್ಷಕನೂ ಕೇಳಿಸಿಕೊಳ್ಳುತ್ತಾನೆ.

ಇಲ್ಲಿ ಯಕ್ಷಗಾನದ ಪರಿಭಾಷೆ ವಿಮರ್ಶೆಗೆ ನೆರವಾಗಬಲ್ಲದು. ಚಿತ್ರರಂಗವು ಗಾಯನಕ್ಕೂ ವಾದ್ಯಕ್ಕೂ ‘ಹಿನ್ನೆಲೆ’ ಎಂಬ ಪದವನ್ನು ಅಂಟಿಸಿ ಅವೆರಡನ್ನೂ ಮರೆಗೆ ಸರಿಸಿದೆ. ಯಕ್ಷಗಾನದ ಹಿಮ್ಮೇಳ ಮರೆಯಲ್ಲಿರುವುದಿಲ್ಲ. ಭಾಗವತ, ಮದ್ದಳೆ, ಚೆಂಡೆಗಳು ರಂಗದ ಮೇಲೆಯೇ ಕಾಣುತ್ತವೆ. ಭಾಗವತಿಕೆಯನ್ನು ಮೆಚ್ಚುವವನು ಪದ್ಯವನ್ನು ಮಾತ್ರ ಮೆಚ್ಚುವುದಿಲ್ಲ, ವೇಷಧಾರಿಯನ್ನು ಅದು ಹೇಗೆ ಕುಣಿಸಿತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತಾನೆ. ಕರಾವಳಿಯ ಸಾಮಾನ್ಯ ಪ್ರೇಕ್ಷಕನಿಗೂ ಇರುವ ಈ ವಿವೇಕವನ್ನು ಕನ್ನಡ ಚಿತ್ರವಿಮರ್ಶೆ ಇನ್ನೂ ತನ್ನದಾಗಿಸಿಕೊಳ್ಳಬೇಕಿದೆ.

ಸಾಹಿತ್ಯವಿಲ್ಲದ ಸಂಗೀತ ಜನಪ್ರಿಯವಾಗದು ಎಂಬ ಆಕ್ಷೇಪವನ್ನು ಒಂದೇ ನಿದರ್ಶನ ಅಲ್ಲಗಳೆಯುತ್ತದೆ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ದೂರದರ್ಶನ ಮಾಲಿಕೆಗೆ ಎಲ್. ವೈದ್ಯನಾಥನ್ ನೀಡಿದ ಶೀರ್ಷಿಕೆಯ ರಾಗಕ್ಕೆ ಸಾಹಿತ್ಯವಿಲ್ಲ. ಅದು ಬರಿಯ ಗುನುಗು. ಆದರೂ ಅದನ್ನು ಮರೆತವರಿಲ್ಲ. ಕಂತಿನಿಂದ ಕಂತಿಗೆ ಅದು ಮರುಕಳಿಸಿದ್ದೇ ಇದಕ್ಕೆ ಕಾರಣ. ಅದೇ ವೈದ್ಯನಾಥನ್ ‘ತಬರನ ಕಥೆ’ (1986) ಚಿತ್ರಕ್ಕೆ ನೀಡಿದ ಸಂಗೀತಕ್ಕೆ ಆ ಭಾಗ್ಯ ದೊರೆಯಲಿಲ್ಲ. ಮೆಚ್ಚುಗೆಯ ಮಿತಿ ಬಹುಮಟ್ಟಿಗೆ ಅಭಿರುಚಿಯದಲ್ಲ, ಅವಕಾಶದ್ದು.

ಎರಡು ಪಟ್ಟಿಗಳು ಕೂಡುವ ಎಡೆಗಳೂ ಇವೆ. ಅನಕೃ ಅವರ ಕಾದಂಬರಿಯನ್ನು ಆಧರಿಸಿದ ‘ಸಂಧ್ಯಾರಾಗ’ದಲ್ಲಿ (1966) ಪಂಡಿತ ಭೀಮಸೇನ ಜೋಶಿಯವರ ಗಾಯನವಿದೆ. ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’ (1975) ಸಂಗೀತಗಾರನ ಕಥೆಯೇ ಆಗಿದ್ದು, ಅದರ ಗಾಯನಕ್ಕೆ ಎಂ. ಬಾಲಮುರಳಿಕೃಷ್ಣ ರಾಷ್ಟ್ರಪ್ರಶಸ್ತಿ ಪಡೆದರು. ತ.ರಾ.ಸು. ಅವರ ಇದೇ ಕಾದಂಬರಿ 1956ರಲ್ಲಿ ಹಿಂದಿಯಲ್ಲಿ ‘ಬಸಂತ್ ಬಹಾರ್’ ಆಗಿತ್ತು. ಒಂದೇ ಕಥೆ ಅಲ್ಲಿ ಶಂಕರ್-ಜೈಕಿಶನ್ ಅವರ ಹಾಡುಗಳ ಮಾಲೆಯಾಯಿತು. ಇಲ್ಲಿ ರಾಗದ ಧ್ಯಾನವಾಯಿತು. ಇವೆರಡನ್ನೂ ಒಟ್ಟಿಗೆ ಇಟ್ಟು ಕೇಳುವ ರಸಿಕನಿಗೆ ಚಿತ್ರಸಂಗೀತದ ವಿಸ್ತಾರ ತಾನಾಗಿ ತಿಳಿಯುತ್ತದೆ.

ಉಳಿದದ್ದು, ಅಳಿದದ್ದು

ಈ ಚರ್ಚೆ ಅಭಿರುಚಿಯ ಮಟ್ಟಕ್ಕೇ ನಿಲ್ಲುವಂಥದಲ್ಲ. ಜನ ಮತ್ತೆ ಮತ್ತೆ ಬೇಡಿದ್ದು ತಟ್ಟೆಯಲ್ಲಿ, ಕ್ಯಾಸೆಟ್ಟಿನಲ್ಲಿ, ಗಣಕದಲ್ಲಿ ನಕಲಾಗುತ್ತ ಉಳಿಯುತ್ತದೆ. ಬೇಡದ್ದು ಒಂದೆರಡು ಪ್ರತಿಗಳಲ್ಲಿ ಕೊಳೆಯುತ್ತದೆ. ‘ಸತಿ ಸುಲೋಚನಾ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಕನ್ನಡ ಚಿತ್ರದ ಮೊದಲ ದನಿ ಹೇಗಿತ್ತೆಂದು ಕೇಳಿ ತಿಳಿಯುವ ದಾರಿ ಮುಚ್ಚಿಹೋಗಿದೆ. ಹಾಡಾದರೆ ಚಿತ್ರ ನಾಶವಾದರೂ ಬೇರೆಡೆ ಬದುಕಬಲ್ಲದು. ದೃಶ್ಯಕ್ಕೆ ಹೊಸೆದ ಸಂಗೀತಕ್ಕೆ ಚಿತ್ರದ ಪ್ರತಿಯೇ ಏಕೈಕ ಮನೆ. ಪ್ರತಿ ಹೋದರೆ ಅದೂ ಹೋಯಿತು. ವಿಜಯಭಾಸ್ಕರ್ ಅವರ ಹಾಡುಗಳಿಗೆ ಅಪಾಯವಿಲ್ಲ, ಅವರ ಮೌನದ ಎಡೆಗಳಿಗೆ ಅಪಾಯವಿದೆ.

ಭರವಸೆಯ ನಿದರ್ಶನವೂ ಇಲ್ಲದಿಲ್ಲ. ‘ಘಟಶ್ರಾದ್ಧ’ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಹಾಗೂ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸಂಸ್ಥೆಗಳು ಪುನರುಜ್ಜೀವನಗೊಳಿಸಿದ್ದು, 2024ರ ವೆನಿಸ್ ಚಲನಚಿತ್ರೋತ್ಸವದಲ್ಲಿ ಆ ಪ್ರತಿ ಪ್ರದರ್ಶನಗೊಂಡಿತು. ಚಿತ್ರವೊಂದನ್ನು ಉಳಿಸುವುದೆಂದರೆ ಬಿಂಬದ ಜತೆಗೆ ಅದರ ದನಿಯನ್ನೂ ಉಳಿಸುವುದು. ಸುಮಾರು ಐದು ದಶಕಗಳ ಹಿಂದೆ ಕಾರಂತರು ಹೊಂದಿಸಿದ ದನಿಗೆ ಹೊಸ ಕೇಳುಗರು ಸಿಗುವುದು ಇಂಥ ಶ್ರಮದಿಂದ.

ಹೀಗೆ ಉಳಿಯಬೇಕಾದ ಕನ್ನಡ ಚಿತ್ರಗಳು ಹಲವಿವೆ. ಅವುಗಳ ಪ್ರತಿಗಳ ಸಂರಕ್ಷಣೆಯ ಜತೆಗೆ, ಪ್ರತಿ ಚಿತ್ರದ ಸಂಗೀತ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂಬ ವಿವರಸೂಚಿ, ವಾದ್ಯವೃಂದದಲ್ಲಿ ನುಡಿಸಿಯೂ ಹೆಸರು ಕಾಣದ ಕಲಾವಿದರ ನೆನಪುಗಳ ಧ್ವನಿಮುದ್ರಣ, ಹಾಡಿನ ಪುಸ್ತಕಗಳ ಸಂಗ್ರಹ ಇವು ಗ್ರಂಥಾಲಯಗಳೂ ವಿಶ್ವವಿದ್ಯಾಲಯಗಳೂ ಕೈಗೊಳ್ಳಬಹುದಾದ ಕೆಲಸಗಳು. ಈ ಕಾರ್ಯದಲ್ಲಿ ಚಿತ್ರರಸಿಕನೇ ಮೊದಲ ಆಕರ. ಯಾವ ತಟ್ಟೆ ಯಾರ ಮನೆಯಲ್ಲಿದೆ, ಯಾವ ಹಾಡಿಗೆ ಯಾವ ದೃಶ್ಯವಿತ್ತು ಎಂಬುದನ್ನು ಬಲ್ಲವನು ಅವನು. ಅವನ ಪಟ್ಟಿಯನ್ನು ನಕ್ಕು ತಳ್ಳಿಹಾಕಿದ ವಿಮರ್ಶೆ ತನ್ನ ಆಕರವನ್ನೇ ಕಳೆದುಕೊಂಡಿದೆ.

ರಸಿಕನಿಗೂ ಒಂದು ಕರ್ತವ್ಯವುಂಟು. ನಾಟಕದ ಪ್ರೇಕ್ಷಕ ‘ಒನ್ಸ್ ಮೋರ್’ ಎಂದು ಕೂಗಿ ಹಾಡನ್ನು ಕೇಳಿದ ಮೇಲೆ ಮತ್ತೆ ನಾಟಕಕ್ಕೆ ಮರಳುತ್ತಿದ್ದ. ಇಂದಿನ ರಸಿಕ ಹಾಡಿನಲ್ಲೇ ನಿಂತುಬಿಟ್ಟಿದ್ದಾನೆ. ಮೆಚ್ಚಿನ ಹಾಡಿನಿಂದ ಹೊರಟು ಅದು ಹುಟ್ಟಿದ ಚಿತ್ರಕ್ಕೆ, ಆ ದೃಶ್ಯಕ್ಕೆ, ಹಾಡು ಮುಗಿದ ಮರುಕ್ಷಣ ಪರದೆಯ ಮೇಲೆ ಕೇಳುವ ಸಣ್ಣ ಸದ್ದಿಗೆ ಅವನು ಮರಳಿದ ದಿನ ಅವನ ಪಟ್ಟಿಯೂ ವಿಮರ್ಶಕನ ಪಟ್ಟಿಯೂ ಎರಡಾಗಿ ಉಳಿಯಲಾರವು.